ಮನದ ಬೇನೆಗೆ ಮರೆಯೇಕೆ?



ಕಳೆದ ಕಾರ್ತಿಕ ಮಾಸದಲ್ಲಿ ನಾವು ಚಾರ್ಮಾಡಿ ಘಾಟಿಯನ್ನಿಳಿದು ಬೆಳ್ತಂಗಡಿ, ಬಂಟ್ವಾಳ, ಮೂಡಬಿದಿರೆಗಳ ಕಡೆಗೆ ನಾಲ್ಕು ದಿನಗಳ ಪ್ರವಾಸವನ್ನು ಕೈಗೊಂಡಿದ್ದೆವು. ಘಟ್ಟದ ಕೆಳಗಿನ ಈ ಸೀಮೆ ನಮ್ಮವರಿಗೆ ಅಪರಿಚಿತವಾದುದಲ್ಲ. ಕೆಳದಿಯ ವೀರಶೈವ ಅರಸರು ಒಂದು ಕಾಲಕ್ಕೆ ಇದನ್ನು ಆಳಿದವರು. ಇಂದು ನಮ್ಮ ಮನೆತನಗಳನ್ನು ಇಲ್ಲಿಗೆ ಕರೆತರುತ್ತಿರುವುದು ಮಾತ್ರ ವಿದ್ಯೆ. ಹಾವೇರಿ, ಗದಗ, ಬಾಗಲಕೋಟೆ, ವಿಜಯಪುರದ ಕಡೆಯ ಅನೇಕ ಸದ್ಭಕ್ತರ ಮಕ್ಕಳು ಮೂಡಬಿದಿರೆ, ಉಜಿರೆಗಳ ವಸತಿನಿಲಯಗಳಲ್ಲಿದ್ದು ಓದುತ್ತಿದ್ದಾರೆ. ಅವರನ್ನು ಕಂಡು ಮಾತನಾಡಿಸಿ ಬನ್ನಿರೆಂದು ಕೆಲವು ಪಾಲಕರು ಕೇಳಿಕೊಂಡಿದ್ದರು, ಹೊರಟೆವು.

ಪ್ರವಾಸದ ಕೊನೆಯ ದಿನ ಮೂಡಬಿದಿರೆಯಲ್ಲಿ, 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಬಳಿ, ಹಾವೇರಿ ಸೀಮೆಯ ಒಬ್ಬ ಭಕ್ತರು ನಮಗಾಗಿ ಕಾದು ನಿಂತಿದ್ದರು. ಅವರ ಮಗ ದ್ವಿತೀಯ ಪಿಯುಸಿ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ಊರಿಗೇ ಮೊದಲಿಗನಾದವನು. ಎರಡು ತಿಂಗಳಿಂದ ಅವನಿಗೆ ನಿದ್ರೆಯಿಲ್ಲ; ಗೆಳೆಯರೊಡನೆ ಊಟಕ್ಕೆ ಕೂರುವುದಿಲ್ಲ; ತಾಯಿ ಫೋನು ಮಾಡಿದರೆ ಎತ್ತುವುದಿಲ್ಲ; ಎತ್ತಿದರೂ "ನನ್ನಿಂದ ಆಗೂದಿಲ್ಲ" ಎಂಬ ಒಂದೇ ಮಾತು. ತಂದೆ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರಸಿಕೊಂಡು ನಮ್ಮನ್ನು ಕೇಳಿದ್ದಿಷ್ಟು: "ಶಾಸ್ತ್ರಿಗಳ, ಇದು ಗ್ರಹಚಾರ ಏನ್ರಿ, ಜಡ್ಡು ಏನ್ರಿ?"

ಈ ಪ್ರಶ್ನೆಯನ್ನು ನಾವು ಹಿಂದೆಯೂ ಒಮ್ಮೆ ಕೇಳಿದ್ದೆವು. ಆಗ ಕೊಟ್ಟ ಉತ್ತರದ ಭಾರವನ್ನು ಇಂದಿಗೂ ಹೊತ್ತಿದ್ದೇವೆ. ಆದಕಾರಣವೇ ಈ ಲೇಖನ.

ನಮ್ಮಿಂದಾದ ಒಂದು ಅಪರಾಧ

ಸುಮಾರು ನಾಲ್ಕು ದಶಕಗಳ ಹಿಂದಿನ ಮಾತು. ಮಠದ ಪಾಠಶಾಲೆಯಲ್ಲಿ ಅಧ್ಯಯನ ಮುಗಿಸಿ ನಾವು ಅಲ್ಲಿಯೇ ಕಿರಿಯರಿಗೆ ವ್ಯಾಕರಣ ಹೇಳುತ್ತಿದ್ದೆವು. ಒಂದು ದಿನ ಒಬ್ಬ ತಾಯಿ ಇಪ್ಪತ್ತರ ವಯಸ್ಸಿನ ಮಗನನ್ನು ಕರೆತಂದಳು. ಅವನು ಯಾರೋ ತನ್ನನ್ನು ನಿಂದಿಸುವ ದನಿ ಕೇಳಿಸುತ್ತದೆ ಎನ್ನುತ್ತಿದ್ದ. ಅನ್ನದಲ್ಲಿ ವಿಷವಿದೆಯೆಂದು ಎಲೆಯನ್ನು ದೂಡುತ್ತಿದ್ದ. ನಾವು ಭಸ್ಮವನ್ನು ಹಚ್ಚಿ, "ಐದು ಸೋಮವಾರ ಮಠಕ್ಕೆ ನಡೆದುಕೊಳ್ಳಿ, ಸರಿಹೋಗುತ್ತದೆ" ಎಂದು ಹೇಳಿ ಕಳುಹಿಸಿದೆವು. ಹಾಗೆ ಹೇಳುವಾಗ ನಮ್ಮ ಮನಸ್ಸಿನಲ್ಲಿ ವಂಚನೆಯಿರಲಿಲ್ಲ, ಅಜ್ಞಾನವಿತ್ತು. ಐದು ಸೋಮವಾರ ಐವತ್ತಾದವು. ನಡುವೆ ಬಂಧುಗಳು "ಲಗ್ನ ಮಾಡಿದರೆ ನೆಟ್ಟಗಾಗುತ್ತಾನೆ" ಎಂದು ಒಂದು ಹೆಣ್ಣನ್ನೂ ತಂದು ಕಟ್ಟಿದರು. ಧಾರವಾಡದ ಮಾನಸಿಕ ಆಸ್ಪತ್ರೆಗೆ ಅವನನ್ನು ಒಯ್ಯುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಔಷಧದಿಂದ ದನಿಗಳು ನಿಂತವು. ಆದರೆ ಓದು, ಉದ್ಯೋಗ, ಸಂಸಾರ ಮೂರೂ ಮುರಿದುಬಿದ್ದಿದ್ದವು. ಆ ತಾಯಿ ನಮ್ಮನ್ನು ಎಂದೂ ದೂಷಿಸಲಿಲ್ಲ. ಅದೇ ನಮ್ಮನ್ನು ಹೆಚ್ಚು ಸುಡುತ್ತದೆ.

ಭಸ್ಮ ಕೊಟ್ಟದ್ದು ತಪ್ಪಲ್ಲ. ವೈದ್ಯನ ದಾರಿಯನ್ನು ತೋರದೆ ಬರಿಯ ಭಸ್ಮ ಕೊಟ್ಟದ್ದು ತಪ್ಪು. ಚಿತ್ತವಿಕಲತೆ ತಲೆದೋರಿದ ಮೇಲೆ ಚಿಕಿತ್ಸೆಯಿಲ್ಲದೆ ಕಳೆಯುವ ಕಾಲ ಹೆಚ್ಚಿದಷ್ಟೂ ಗುಣವಾಗುವುದು ಕಷ್ಟವಾಗುತ್ತದೆಂದು ಅನೇಕ ದೇಶಗಳ ಸಂಶೋಧನೆಗಳು ತೋರಿಸಿವೆ. ಇದನ್ನರಿತ ಮೇಲೆ ನಾವು ಈ ವಿಷಯದ ಗ್ರಂಥಗಳನ್ನು ಓದತೊಡಗಿದೆವು. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನೋರೋಗಗಳನ್ನು ಕುರಿತು ತಿಳಿಗನ್ನಡದಲ್ಲಿ ಬರೆದಿರುವ ಪುಸ್ತಕಗಳು ನಮ್ಮಂಥವರಿಗೆ ಕಣ್ಣು ತೆರೆಸಿವೆ.

ಕರಾವಳಿಯ ಹಳ್ಳಿಯೊಂದರ ಅಧ್ಯಯನ

ಮನೋರೋಗದ ಸಂಶೋಧನೆಯೆಂದರೆ ಪರದೇಶದ ವಿದ್ಯೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಇಂಥ ಅಧ್ಯಯನಗಳಲ್ಲಿ ಜಗತ್ಪ್ರಸಿದ್ಧವಾದ ಒಂದು ನಡೆದದ್ದು ಇದೇ ಕರಾವಳಿಯಲ್ಲಿ. ಶಿವರಾಮ ಕಾರಂತರು ಹುಟ್ಟಿದ ಕೋಟ ಗ್ರಾಮ ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1997ರಿಂದ ಉಡುಪಿ ಜಿಲ್ಲೆಯಲ್ಲಿದೆ. ಅಲ್ಲಿ ಮನೋವೈದ್ಯರಾದ ಜಿ.ಎಂ. ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅವರು ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮನೆಮನೆಗೆ ಹೋಗಿ, ಜನರ ನಿದ್ರೆ, ದುಗುಡ, ಭಯ, ಮೈಮೇಲೆ ಬರುವಿಕೆ ಇವನ್ನೆಲ್ಲ ವಿಚಾರಿಸಿದರು. ಅವರ ಗ್ರಂಥ 1976ರಲ್ಲಿ ಪ್ರಕಟವಾಯಿತು.

ಆ ವಿದ್ವಾಂಸರು ಹಳ್ಳಿಯ ಜನರನ್ನು ಮೂಢರೆಂದು ಹಳಿಯಲಿಲ್ಲ. ನಾಟಿವೈದ್ಯ, ಮಂತ್ರವಾದಿ, ಪಾತ್ರಿ ಈ ಮೂವರ ಬಳಿಗೂ ಜನ ಹೋಗುತ್ತಿದ್ದರು. ಡಾಕ್ಟರರ ಬಳಿಗೂ ಹೋಗುತ್ತಿದ್ದರು. ಒಂದು ಇನ್ನೊಂದಕ್ಕೆ ವಿರುದ್ಧವೆಂಬ ಭಾವನೆ ಅವರಲ್ಲಿರಲಿಲ್ಲ. ಇದರಿಂದ ನಾವು ಗ್ರಹಿಸಿದ್ದು ಇಷ್ಟು: ದೈವದ ದರ್ಶನಕ್ಕಾಗಲಿ, ಗುರುವಿನ ಪಾದಕ್ಕಾಗಲಿ ಹೋಗುವವನನ್ನು ತಡೆಯುವ ಅಗತ್ಯವಿಲ್ಲ, ಅಲ್ಲಿಂದ ಆಸ್ಪತ್ರೆಗೂ ಒಂದು ದಾರಿ ಇರಬೇಕು. ಆ ದಾರಿಯನ್ನು ತೋರಬೇಕಾದವರು ಗುರುಸ್ಥಾನದಲ್ಲಿರುವವರೇ.

ದಾರಿ ತೋರದೆ ಬಂಧಿಸಿಟ್ಟರೆ ಏನಾಗುತ್ತದೆಂಬುದಕ್ಕೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಘಟಿಸಿದ ದುರಂತ ಸಾಕ್ಷಿ. ಧಾರ್ಮಿಕ ಕ್ಷೇತ್ರದ ಬಳಿಯ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಿಂದ ಕಟ್ಟಲ್ಪಟ್ಟಿದ್ದ 25ಕ್ಕೂ ಹೆಚ್ಚು ಮನೋರೋಗಿಗಳು ಓಡಲಾರದೆ ಬೆಂದುಹೋದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ.

ಬೇನೆಗೆ ಕಾರಣಗಳು

ಮನೋರೋಗಕ್ಕೆ ಒಂದೇ ಕಾರಣವಿಲ್ಲ. ವಂಶ, ಮಿದುಳಿನ ಸ್ಥಿತಿ, ಬಾಲ್ಯದ ಪೆಟ್ಟು, ಸಾಲ, ಸಾವು, ಒಂಟಿತನ, ಮದ್ಯ ಇವು ಒಂದರ ಮೇಲೊಂದು ಕೂಡಿದಾಗ ಮನಸ್ಸಿನ ಕಟ್ಟೆ ಒಡೆಯುತ್ತದೆ. ಪೂರ್ವಜನ್ಮದ ಪಾಪವೆಂದೂ ಮನೆತನದ ಕಳಂಕವೆಂದೂ ಆಡಿಕೊಳ್ಳುವುದು ನೊಂದವರನ್ನು ಇನ್ನಷ್ಟು ನೋಯಿಸುವ ಮಾತು. ವಂಶದ ವಿಷಯವನ್ನೇ ತೆಗೆದುಕೊಳ್ಳಿ. ಸ್ಕಿಜೋಫ್ರೇನಿಯ ಎಂಬ ತೀವ್ರ ಮನೋರೋಗ ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬರುತ್ತದೆ. ತಂದೆ ತಾಯಿಗಳಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಬರಬಹುದು. ಎಂದರೆ ಅಂಥ ಮಕ್ಕಳಲ್ಲಿಯೂ ನೂರಕ್ಕೆ 90 ಮಂದಿಗೆ ಅದು ಬರುವುದಿಲ್ಲ. ಆದರೂ ಸಂಬಂಧ ಬೆಳೆಸುವ ಮಾತು ಬಂದಾಗ ಇಡೀ ಮನೆತನವನ್ನೇ ದೂರವಿಡುತ್ತೇವೆ. ಆ ಭಯದಿಂದಲೇ ಅವರು ಬೇನೆಯನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟದ್ದು ಹುಣ್ಣಾಗುತ್ತದೆ.

ನಾವು ಸಂಚರಿಸಿದ ಮೂರು ಊರುಗಳಲ್ಲಿ ಈ ಕಾರಣಗಳ ಬೇರೆ ಬೇರೆ ರೂಪಗಳನ್ನು ಕಂಡೆವು.

ಮೂಡಬಿದಿರೆಯಲ್ಲಿ ಕಂಡದ್ದು ವಯಸ್ಸಿನ ಕಾರಣ. 192 ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಮನೋರೋಗಗಳಲ್ಲಿ ಮೂರನೆಯ ಒಂದು ಭಾಗ 14 ವರ್ಷಕ್ಕೆ ಮುನ್ನ, ಹೆಚ್ಚು ಕಡಿಮೆ ಅರ್ಧ 18 ವರ್ಷಕ್ಕೆ ಮುನ್ನ, ಶೇಕಡಾ 62ರಷ್ಟು 25 ವರ್ಷಕ್ಕೆ ಮುನ್ನ ಆರಂಭವಾಗುತ್ತವೆ. ನಾವು ಮಕ್ಕಳನ್ನು ಮನೆಯಿಂದ ದೂರ ಕಳುಹಿಸಿ, ಅಂಕಗಳ ಹೊರೆ ಹೊರಿಸಿ, ನಿದ್ರೆಯನ್ನು ಕಡಿಮೆ ಮಾಡಿಸುವ ವಯಸ್ಸೂ ಅದೇ. ಓದಿಸುವುದು ತಪ್ಪೆಂದು ನಾವು ಹೇಳುವುದಿಲ್ಲ. ವಾರಕ್ಕೊಮ್ಮೆ ಫೋನು ಮಾಡಿದಾಗ "ಟೆಸ್ಟಿನಲ್ಲಿ ಎಷ್ಟು ಬಂತು?" ಎಂದು ಕೇಳುವ ಮೊದಲು "ರಾತ್ರಿ ನಿದ್ದೆ ಬಂತೇನಪ್ಪಾ?" ಎಂದು ಕೇಳಬಾರದೆ?

ಬಂಟ್ವಾಳದಲ್ಲಿ ಕಂಡದ್ದು ಬಾಣಂತಿಯ ನೋವು. ನೇತ್ರಾವತಿಯ ದಡದ ಈ ಪೇಟೆಗೆ ಘಟ್ಟದ ಮೇಲಿಂದ ವ್ಯಾಪಾರಕ್ಕಾಗಿ ಬಂದು ನೆಲೆಸಿದ ಒಂದು ಮನೆಯಲ್ಲಿ ನಾವು ಪ್ರಸಾದ ಸ್ವೀಕರಿಸಿದೆವು. ಆ ಮನೆಯ ಸೊಸೆ ಎರಡು ವರ್ಷಗಳ ಹಿಂದೆ, ಹೆರಿಗೆಯಾದ ಹತ್ತನೆಯ ದಿನ ನಿದ್ರೆ ಕಳೆದುಕೊಂಡು, ಮಗು ತನ್ನದಲ್ಲವೆಂದು ಹೇಳತೊಡಗಿದಳಂತೆ. ಮನೆಯ ಹಿರಿಯ ಅಜ್ಜಿ "ಇದು ಬಾಣಂತಿ ಸನ್ನಿ, ತಡ ಮಾಡಬೇಡಿ" ಎಂದು ಹಟ ಹಿಡಿದು ಅಂದೇ ಮಂಗಳೂರಿನ ಆಸ್ಪತ್ರೆಗೆ ಒಯ್ಯಿಸಿದರು. ಈಗ ಆ ತಾಯಿ ಸ್ವತಃ ನಮಗೆ ಬಡಿಸಿದಳು. ಮಗು ಅವಳ ಸೆರಗು ಹಿಡಿದು ನಿಂತಿತ್ತು. ಬಾಣಂತಿ ಸನ್ನಿ ಸಾವಿರ ಹೆರಿಗೆಗೆ ಒಂದೆರಡರಂತೆ ಕಾಣುವ ತೀವ್ರ ರೋಗ. ಇದನ್ನು ಹಾವು ಕಡಿದಂತೆ ಭಾವಿಸಿ ಕೂಡಲೆ ಆಸ್ಪತ್ರೆಗೆ ಓಡಬೇಕು. ಇದಲ್ಲದೆ ಹೆರಿಗೆಯ ನಂತರದ ಖಿನ್ನತೆ ಭಾರತದಲ್ಲಿ ನೂರಕ್ಕೆ ಸುಮಾರು 22 ತಾಯಂದಿರನ್ನು ಬಾಧಿಸುತ್ತದೆಂದು 2017ರ ಒಂದು ಸಮಗ್ರ ವಿಶ್ಲೇಷಣೆ ತಿಳಿಸಿದೆ. "ಹೆಣ್ಣು ಹೆತ್ತಳು" ಎಂಬ ಒಂದು ಕುಹಕದ ಮಾತೂ ಈ ಬೇನೆಗೆ ಬೀಜವಾಗಬಲ್ಲದು.

ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಂಡದ್ದು ಆರೈಕೆ ಮಾಡುವವರ ದಣಿವು. ಅಲ್ಲಿನ ಕೊಕ್ಕಡದ ಸುತ್ತ ಹಿಂದೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕವನ್ನು ಸಿಂಪಡಿಸುತ್ತಿದ್ದರು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಔಷಧವನ್ನು ದೇಶದಲ್ಲೆಲ್ಲ ತಡೆಹಿಡಿಯಿತು. ಸಂತ್ರಸ್ತರೆಂದು ಗುರುತಿಸಲ್ಪಟ್ಟ ಮನೆಗಳಲ್ಲಿ, ನಡೆಯಲಾರದ ಮಾತಾಡಲಾರದ ಮಕ್ಕಳನ್ನು ಮೂವತ್ತು ವರ್ಷ ಎತ್ತಿ ಇಳಿಸಿದ ತಾಯಂದಿರಿದ್ದಾರೆ. "ನಾನು ಸತ್ತರೆ ಇವನನ್ನು ಯಾರು ನೋಡುತ್ತಾರೆ?" ಎಂಬುದೇ ಅವರ ಹಗಲಿರುಳಿನ ಚಿಂತೆ. ರೋಗಿಯನ್ನು ಕಾಯುವವರು ತಾವೇ ಖಿನ್ನತೆಗೆ ಜಾರುವುದು ಲೋಕವೆಲ್ಲ ಕಂಡಿರುವ ಸತ್ಯ. ನಮ್ಮ ಮನೆಗಳಲ್ಲಿ ಪಾರ್ಶ್ವವಾಯುವಿನ ಹಿರಿಯರನ್ನು ನೋಡಿಕೊಳ್ಳುವ ಸೊಸೆಯರ ಸ್ಥಿತಿಯೂ ಇದೇ. ಅವರಿಗೆ ವಾರಕ್ಕೆ ಅರ್ಧ ದಿನ ಬಿಡುವು ಮಾಡಿಕೊಟ್ಟರೆ ಅದೂ ದಾಸೋಹವೇ.

ಪರಿಹಾರಗಳು ಫಲಿಸುತ್ತವೆ

ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇಕಡಾ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮನೋರೋಗವಿರುವುದು ಕಂಡುಬಂತು. ರೋಗವಿದ್ದೂ ಚಿಕಿತ್ಸೆ ಪಡೆಯದವರು, ಆಯಾ ರೋಗಕ್ಕನುಗುಣವಾಗಿ, ನೂರಕ್ಕೆ 70ರಿಂದ 92. ಮದ್ದಿಲ್ಲದ ಕಾರಣದಿಂದ ಇಷ್ಟು ಜನ ನರಳುತ್ತಿದ್ದಾರೆಂದರೆ ವಿಧಿಯೆನ್ನಬಹುದಿತ್ತು. ಮದ್ದಿದೆ, ಆದರೆ ಅವರಿಗೆ ತಲುಪಿಲ್ಲ.

ಚಾರ್ಮಾಡಿಯ ಆಚೆ, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್‌ನ ವೈದ್ಯರು ಸ್ಕಿಜೋಫ್ರೇನಿಯ ರೋಗಿಗಳನ್ನು ಅವರ ಹಳ್ಳಿಗಳಲ್ಲಿಯೇ ಗುರುತಿಸಿ ಚಿಕಿತ್ಸೆ ನೀಡಿ ಗಮನಿಸುತ್ತ ಬಂದರು. ಔಷಧ ಪಡೆದವರ ಅಸಾಮರ್ಥ್ಯ ತಗ್ಗಿತು. ಪಡೆಯದೆ ಉಳಿದವರದು ಇದ್ದಂತೆಯೇ ಇತ್ತು. ಪಕ್ಕದ ಗೋವೆಯಲ್ಲಿ, ಮನೋವೈದ್ಯರ ಕೊರತೆಯನ್ನು ಕಂಡು, ವೈದ್ಯರಲ್ಲದ ಸಾಮಾನ್ಯ ವ್ಯಕ್ತಿಗಳಿಗೆ ತರಬೇತಿ ಕೊಟ್ಟು ಆಪ್ತಸಲಹೆಗೆ ನೇಮಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಬಂದ ಖಿನ್ನತೆ, ಆತಂಕದ ರೋಗಿಗಳ ಪೈಕಿ ಇಂಥ ಸಲಹೆ ಪಡೆದವರಲ್ಲಿ ಆರು ತಿಂಗಳಿಗೆ ಶೇಕಡಾ 66ರಷ್ಟು ಚೇತರಿಸಿಕೊಂಡಿದ್ದರು. ಪಡೆಯದವರಲ್ಲಿ ಶೇಕಡಾ 42ರಷ್ಟು ಮಾತ್ರ. ತಾಳ್ಮೆಯಿಂದ ಕೇಳುವ ಕಿವಿ, ತರಬೇತಿಯೊಡನೆ ಕೂಡಿದರೆ, ಔಷಧದಂತೆಯೇ ಕೆಲಸ ಮಾಡುತ್ತದೆ.

ಮದ್ಯದ ವಿಷಯದಲ್ಲಿ ಬೆಳ್ತಂಗಡಿ ತಾಲ್ಲೂಕು ನಾಡಿಗೇ ಪಾಠ ಹೇಳಿದೆ. 1982ರಲ್ಲಿ ಇಲ್ಲಿ ಆರಂಭವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಬೆಂಬಲದಿಂದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಹಳ್ಳಿಹಳ್ಳಿಗಳಲ್ಲಿ ನಡೆದಿವೆ. ಕುಡುಕನನ್ನು ಹಳಿಯದೆ, ಸುಮಾರು ಒಂದು ವಾರ ಜೊತೆಯಲ್ಲಿರಿಸಿಕೊಂಡು, ಮನೆಯವರನ್ನೂ ಸೇರಿಸಿ, ಮುಂದೆ ನವಜೀವನ ಸಮಿತಿಯ ಮೂಲಕ ಅವನ ಕೈಬಿಡದಿರುವುದು ಈ ಶಿಬಿರಗಳ ಕ್ರಮ. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿ ಹೇಳಬೇಕು. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೆ ಬಿಟ್ಟರೆ ನಡುಕ, ಅಪಸ್ಮಾರ, ಭ್ರಮೆಗಳು ತಲೆದೋರಿ ಪ್ರಾಣಕ್ಕೆ ಅಪಾಯವಾಗಬಹುದು. ಆದುದರಿಂದ ಬಿಡಿಸುವ ಮೊದಲ ದಿನಗಳಲ್ಲಿ ವೈದ್ಯರ ಕಣ್ಗಾವಲು ಅವಶ್ಯ.

ಒಕ್ಕಲುತನದ ಮನೆಗಳಿಗೆ ಇನ್ನೊಂದು ಮಾತು. ಶ್ರೀಲಂಕಾದಲ್ಲಿ ಅತಿ ಘಾತಕವಾದ ಕೀಟನಾಶಕಗಳನ್ನು ನಿಷೇಧಿಸಿದ ಮುಖ್ಯ ಕಾರಣದಿಂದ, 1995ರಿಂದ 2015ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣ ಶೇಕಡಾ 70ರಷ್ಟು ಇಳಿಯಿತು. ಸಾಯುವ ಯೋಚನೆ ಬಹುಮಟ್ಟಿಗೆ ಒಂದು ದುಃಖದ ಅಲೆ. ಆ ಹೊತ್ತಿನಲ್ಲಿ ಕೈಗೆ ವಿಷ ಸಿಗದಿದ್ದರೆ ಅಲೆ ಇಳಿದು ಜೀವ ಉಳಿಯುತ್ತದೆ. ಬೆಳೆಗೆ ಹೊಡೆಯುವ ಔಷಧವನ್ನು ಪಡಸಾಲೆಯಲ್ಲಿಡಬೇಡಿ. ಬೀಗ ಹಾಕಿ, ಬೀಗದ ಕೈಯನ್ನು ಒಬ್ಬರೇ ಇಟ್ಟುಕೊಳ್ಳಿ.

ಗೃಹಸ್ಥರು ಮಾಡಬೇಕಾದುದು

ಎರಡು ವಾರಕ್ಕೂ ಮೀರಿ ನಿದ್ರೆ, ಹಸಿವು, ಉತ್ಸಾಹ ಕುಂದಿದ್ದರೆ. ತನ್ನಷ್ಟಕ್ಕೆ ತಾನೇ ಮಾತನಾಡುತ್ತಿದ್ದರೆ. ಯಾರೋ ತನಗೆ ಕೇಡು ಬಗೆಯುತ್ತಿದ್ದಾರೆಂದು ಹಟ ಹಿಡಿದಿದ್ದರೆ. "ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ" ಎಂಬ ಮಾತು ಬಾಯಿಂದ ಬಂದರೆ, ಗದರಬೇಡಿ, ನಗಬೇಡಿ. ಪಕ್ಕದಲ್ಲಿ ಕುಳಿತು ಕೇಳಿ. "ಸಾಯಬೇಕೆನ್ನಿಸುತ್ತಿದೆಯೆ?" ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗೇ ಬೇಯುತ್ತಿದ್ದವನಿಗೆ ಬಾಯಿ ಬಿಡಲು ಎಡೆ ದೊರೆಯುತ್ತದೆ. ಹಾಗೆಂದು ಹೇಳಿದವನನ್ನು ಒಂಟಿಯಾಗಿ ಬಿಡಬೇಡಿ.

ಬಳಿಕ ವೈದ್ಯರಲ್ಲಿಗೆ ಹೋಗಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಉತ್ತರ ಕರ್ನಾಟಕದವರಿಗೆ 1845ರಲ್ಲಿ ಸ್ಥಾಪನೆಯಾದ ಧಾರವಾಡದ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಹೆಸರಿನಲ್ಲಿ ಸೇವೆ ಸಲ್ಲಿಸುತ್ತಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಖಿನ್ನತೆಯ ಔಷಧ ಫಲ ತೋರಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನಕ್ಕೆ "ಏನೂ ಆಗಲಿಲ್ಲ" ಎಂದು ಬಿಡಬಾರದು. ಗುಣವಾಯಿತೆಂದು ತಾವಾಗಿಯೇ ನಿಲ್ಲಿಸಲೂಬಾರದು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಕ್ಕವರೆಂದೇ ಭಾವಿಸಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಪೊಲೀಸರ ಭಯದಿಂದ ಆಸ್ಪತ್ರೆಗೆ ಒಯ್ಯದಿರುವುದು ಬೇಡ. ಮುಖ್ಯವಾಗಿ, ಮದುವೆಯನ್ನು ಔಷಧವೆಂದು ಭಾವಿಸಬೇಡಿ. ಮತ್ತೊಬ್ಬರ ಮಗಳ ಬಾಳನ್ನು ಒತ್ತೆಯಿಟ್ಟು ನಮ್ಮ ಮಗನ ರೋಗವನ್ನು ಗುಣಪಡಿಸಹೊರಡುವುದು ಧರ್ಮವಲ್ಲ.

ಲಿಂಗಪೂಜೆಯನ್ನು, ಪ್ರಾರ್ಥನೆಯನ್ನು ಬಿಡಿರೆಂದು ನಾವು ಹೇಳುವವರಲ್ಲ. ನಿಯಮದ ದಿನಚರಿ, ಮಿತವಾದ ಕಾಯಕ, ನಾಲ್ಕು ಜನರ ಸಂಗ ಇವು ಚೇತರಿಸಿಕೊಳ್ಳುವವನಿಗೆ ಊರುಗೋಲು. ಆದರೆ ಊರುಗೋಲು ಮುರಿದ ಎಲುಬನ್ನು ಕೂಡಿಸಲಾರದು. "ಭಕ್ತಿ ಸಾಲದ್ದರಿಂದ ಹೀಗಾಯಿತು" ಎಂದು ಖಿನ್ನನಾದವನಿಗೆ ಹೇಳುವುದು, ಜ್ವರದಲ್ಲಿ ನಡುಗುವವನಿಗೆ ತಣ್ಣೀರೆರೆದಂತೆ.

ಅಂದು ಮೂಡಬಿದಿರೆಯಲ್ಲಿ ಆ ತಂದೆಗೆ ನಾವು ಹೇಳಿದ್ದು: "ಇದು ಜಡ್ಡು. ಗುಣವಾಗುವ ಜಡ್ಡು. ಏಳಿ, ಹೋಗೋಣ." ಅವರ ಮಗನ ಹಣೆಗೆ ಭಸ್ಮವನ್ನೂ ಹಚ್ಚಿದೆವು, ಅವರೊಡನೆ ಮಂಗಳೂರಿನ ಮನೋವೈದ್ಯರಲ್ಲಿಗೂ ಹೋಗಿ, ಹೊರಗಿನ ಬೆಂಚಿನ ಮೇಲೆ ತಂದೆಯ ಪಕ್ಕದಲ್ಲಿ ಕುಳಿತೆವು. ಮೊನ್ನೆ ಆ ತಾಯಿಯ ಫೋನು ಬಂದಿತ್ತು. ಹುಡುಗ ಈ ವರ್ಷದ ಪರೀಕ್ಷೆಯನ್ನು ಮುಂದಕ್ಕೆ ಹಾಕಿ ಮನೆಯಲ್ಲಿದ್ದಾನೆ, ಔಷಧ ನಡೆದಿದೆ, ರಾತ್ರಿ ನಿದ್ರಿಸುತ್ತಾನೆ, ಸಂಜೆ ತಂದೆಯೊಡನೆ ಹೊಲಕ್ಕೆ ಹೋಗುತ್ತಾನೆ. "ಒಂದು ವರುಷ ಹೋತು ಅಂತ ಮಂದಿ ಅಂತಾರ್ರಿ," ಎಂದಳು ಆಕೆ, "ಮಗ ಉಳಿದ ಅಂತ ನಾ ಅಂತೀನ್ರಿ."

ನಮ್ಮ ಬಳಿಗೆ ಅಂದು ಬಂದಿದ್ದ ಇನ್ನೊಬ್ಬ ತಾಯಿಗೆ ಈ ಮಾತನ್ನಾಡುವ ಭಾಗ್ಯವನ್ನು ನಾವು ಕೊಡಲಿಲ್ಲ. ಈ ಪತ್ರಿಕೆಯನ್ನು ಓದುವ ಯಾವ ಮನೆಯಲ್ಲಿಯೂ ಇನ್ನು ಹಾಗಾಗದಿರಲಿ.